ಬ್ರೆಡ್ಡಮ್ಮ ಕೊರೆಸಿದ ಕಿಟಕಿ

ಬ್ರೆಡ್ಡಮ್ಮ ಅರ್ಧ ಆಯುಷ್ಯವನ್ನು ಬೇಕರಿಯ ಹಳೇ ವಿಲಾಯಿತಿ ವ್ಯಾನಿನಲ್ಲೇ ಕಳೆದವಳು. ಆದರೆ ದಾರಿ ಹೇಗಿದೆ ಅಂತ ಕೇಳಿದರೆ ಗೊತ್ತಿಲ್ಲ. ಹೇಗೆ ಗೊತ್ತಿರಬೇಕು ಹೇಳಿ? ಗಂಡ ಮುಂದೆ ಸ್ಟೇರಿಂಗ್ ಹಿಡಿದರೆ ಇವಳು ಹಿಂದೆ, ಕಿಟಕಿಯೇ ಇಲ್ಲದ ತಗಡಿನ ಡಬ್ಬಿಯ ಕತ್ತಲಲ್ಲಿ, ಗಿಡ್ಡ ಪೆಟ್ಟಿಗೆಯ ಮೇಲೆ ಕೂತು, ಬ್ರೆಡ್ಡಿನ ಟ್ರೇಗಳು ಜಾರದಂತೆ ಹಿಡಿದಿರುತ್ತಿದ್ದಳು.

ಬೇಕರಿಗೆ ಹೊಸ ಗಾಡಿ ಬಂತು. ಹಳೆಯದನ್ನು ಗುಜರಿಗೆ ಹಾಕುತ್ತೇನೆಂದ ಗಂಡ.

"ಹಾಕೋದು ಬೇಡ. ಕಿಟಕಿ ಕೊರೆಸಿ, ಸೀಟು ಹಾಕಿಸಿ, ಸ್ಟೇಷನ್ ವ್ಯಾಗನ್ ಮಾಡಿಸ್ತೀನಿ. ಆ ದಾರೀನ ಒಂದ್ಸಲ ಕಣ್ಣಾರೆ ನೋಡ್ಬೇಕು ನಾನು."

"ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಇನ್ನೂ ಬೇಗ ಬಂತಲ್ಲೇ! ನೋಡೋಕೇನಿದೆ ಅಲ್ಲಿ?"

"ನೀವು ನೋಡಿದೀರಿ, ಅದಕ್ಕೆ ಹಾಗಂತೀರಿ."

ಪಕ್ಕದ ತಗಡು ಕೊರೆದರೆ ಚಾವಣಿ ಕುಸಿಯುತ್ತಮ್ಮಾ ಅಂತ ಟಿಂಕರಿಂಗ್ ಮೇಸ್ತ್ರಿ ತಲೆ ಕೆರೆದುಕೊಂಡ.

"ಕುಸೀದ ಹಾಗೆ ಕಬ್ಬಿಣದ ಪಟ್ಟಿ ಕೊಟ್ಟು ವೆಲ್ಡ್ ಮಾಡು. ಅದಕ್ಕೇ ಅಲ್ವೇನಪ್ಪಾ ನೀನಿರೋದು?"

ಹಿಡಿದ ಪಟ್ಟು ಬಿಡುವ ಹೆಂಗಸೇ ಅಲ್ಲ. ತನ್ನ ಪೆಟ್ಟಿಗೆಯ ಮೇಲೆ ಕೂತು, ಕಣ್ಣಿನ ನೇರಕ್ಕೆ ಸೀಮೆಸುಣ್ಣದಲ್ಲಿ ತಾನೇ ಗೆರೆ ಎಳೆದುಕೊಟ್ಟಳು. ಮೇಸ್ತ್ರಿ ಗೆರೆ ತಪ್ಪದೆ ಕೊರೆದ, ಗಾಜು ಕೂರಿಸಿದ, ಮೆತ್ತನೆಯ ಸೀಟು ಬಿಗಿದ.

ಹತ್ತಿ ಕೂತರೆ ಏನು ಕಾಣಬೇಕು? ರಸ್ತೆಯ ಧೂಳು, ಹೋಗಿಬರುವವರ ಚಪ್ಪಲಿ! ಹೊಸ ಸೀಟು ಪೆಟ್ಟಿಗೆಗಿಂತ ಗೇಣು ಎತ್ತರವಿತ್ತು, ಕಿಟಕಿ ಕಣ್ಣಿಗಿಂತ ಕೆಳಗಾಗಿತ್ತು. ಅದು ಯಾರ ತಲೆಗೂ ಹೊಳೆದಿರಲಿಲ್ಲ.

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ಗುಜರಿಯವನಿಗೆ ಹೇಳಿ ಕಳಿಸ್ಲಾ?"

ಅವಳಿಗೆ ಅಳುವೇ ಬಂತು. ನುಂಗಿಕೊಂಡಳು. "ನನ್ನ ಕಡೆ ಸೀಟು ಬಿಚ್ಚಪ್ಪಾ," ಅಂದಳು ಮೇಸ್ತ್ರಿಗೆ. ಆ ಜಾಗದಲ್ಲಿ ಹಳೇ ಪೆಟ್ಟಿಗೆಯನ್ನೇ ಬೋಲ್ಟು ಹಾಕಿಸಿ ಕೂತಳು. "ಈಗ ಹೊರಡಿ ನೋಡೋಣ."

ಗಂಡ ಗೊಣಗುತ್ತಲೇ ಹೊರಟ.

"ಅಯ್ಯೋ, ದಿನಾ ಗಡಗಡ ಅಂತಿದ್ದದ್ದು ಈ ಸೇತುವೇನಾ! ಎಷ್ಟು ಚೆನ್ನಾಗಿದೇರೀ!"

ಗಂಡ ಕನ್ನಡಿಯತ್ತ ಕಣ್ಣು ಹಾಯಿಸಿದ. ಈಗ ಹಿಂದೆ ಬೆಳಕಿತ್ತು, ಹೆಂಡತಿ ಕಂಡಳು. ಸೇತುವೆ ದಾಟಿ ಗಾಡಿ ಜೋರಾಗಿ ತಿರುಗಿತು. ಅವಳು ಕಾಲು ಒತ್ತಿ ಹಿಡಿದು, ಎರಡೂ ಕೈ ಚಾಚಿ, ಅಲ್ಲಿಲ್ಲದ ಟ್ರೇಗಳನ್ನು ತಡೆದಳು. ಮುಖ ಮಾತ್ರ ಕಿಟಕಿಯ ಕಡೆಗೇ ಇತ್ತು.

"ಪ್ರತಿ ತಿರುವಿಗೂ ಹೀಗೇ ಹಿಡ್ಕೋತಿದ್ಯೇನೇ?"

"ಮತ್ತೆ? ಬ್ರೆಡ್ಡು ತಾನಾಗೇ ನಿಲ್ತಿತ್ತಾ?"

ಗಂಡ ಬ್ರೇಕಿನ ಮೇಲೆ ಕಾಲಿಟ್ಟ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈಯುತ್ತಿದ್ದರೂ ಮುಂದಿನ ತಿರುವನ್ನು ನಡೆದು ಹೋಗುವವರ ವೇಗದಲ್ಲಿ ತಿರುಗಿಸಿದ. ಬ್ರೆಡ್ಡಮ್ಮನ ಕೈಗಳು ಮಡಿಲಲ್ಲೇ ಇದ್ದವು.