ರಹೋಲಿಯ ಬಿತ್ತನೆ ಗೂಡುಗಳು

೧೯೮೭ನೆಯ ಇಸವಿ ಜುಲೈ ೧೪, ಮಂಗಳವಾರ. ಭೂಮಧ್ಯರೇಖೆಯ ದಕ್ಷಿಣದ ಆ ದ್ವೀಪದಲ್ಲಿ ಅದು ನಡುಚಳಿಗಾಲ, ಹತ್ತು ಗಂಟೆಯಾದರೂ ಅಂಬೊಹಿತ್ಸಾರಾ ಊರಿನ ಮೇಲಿನ ಮಂಜು ಕರಗಿರಲಿಲ್ಲ. ಮಂಗಳವಾರ ಮಗ್ಗ ಮುಟ್ಟುವುದು ತನ್ನ ಮನೆತನಕ್ಕೆ ನಿಷಿದ್ಧವಾದ್ದರಿಂದ ಅರವತ್ತೊಂದು ವರ್ಷದ ರಹೋಲಿ ಜೋಯಿಸರ ಮನೆಗೆ ನಡೆದು ಹೊರಟಳು.

ಅವಳ ಗಂಡ ರತ್ಸಿಂಬಾ ತೀರಿಕೊಂಡದ್ದು ೧೯೮೦ರ ಮೇ ೨೨ರಂದು. ಊರಿನ ಪದ್ಧತಿಯಂತೆ ಅವನ ಎಲುಬುಗಳನ್ನು ಗೋರಿಯಿಂದ ಹೊರತಂದು ಹೊಸ ಕಾಡುರೇಷ್ಮೆ ಹೊದಿಸಲು ಆಗಸ್ಟ್ ೮ನ್ನು ಗೊತ್ತುಮಾಡಲಾಗಿತ್ತು. ಹೊದಿಕೆಗೆ ಐದು ಪಟ್ಟಿ ಬೇಕು, ನಾಲ್ಕು ಮುಗಿದಿದ್ದವು. ಮೂವತ್ತೆಂಟು ವರ್ಷ ಊರಿನ ಸತ್ತವರಿಗೆಲ್ಲ ನೇಯ್ದು ಅವಳ ಬೆರಳುಗಳು ಸವೆದಿದ್ದವು. ಹಿಂದಿನ ವರ್ಷದ ಕಾಳ್ಗಿಚ್ಚಿನಲ್ಲಿ ರೇಷ್ಮೆಹುಳ ಮೇಯುವ ತಾಪಿಯಾ ಮರಗಳ ಗುಡ್ಡ ಬೆಂದು ಪತಂಗಗಳು ಕಾಣೆಯಾಗಿದ್ದವು. ಅಳಿದುಳಿದ ತೊಂಬತ್ತು ಗೂಡುಗಳನ್ನು ಅವಳು ಬಿತ್ತನೆಗೆಂದು, ಪತಂಗ ಹೊರಬಂದು ಮೊಟ್ಟೆಯಿಡಲೆಂದು, ಬುಟ್ಟಿಯಲ್ಲಿ ಹಾಕಿ ಮೂಲೆಯಲ್ಲಿಟ್ಟಿದ್ದಳು. ಈಗಲೇ ಕತ್ತರಿಸಿ ಒಳಗಿನ ಹುಳ ತೆಗೆದರೆ ಪಟ್ಟಿ ಮುಗಿಯುತ್ತದೆ, ಗುಡ್ಡ ಬರಿದಾಗುತ್ತದೆ. ಸೆಪ್ಟೆಂಬರಿನವರೆಗೆ ಕಾದರೆ ಪತಂಗ ಹಾರಿಹೋಗಿ ಉಳಿದ ತೂತುಗೂಡಿನಿಂದಲೇ ನೂಲು ತೆಗೆಯಬಹುದು.

ಜೋಯಿಸರು ಬಹಳ ಗೊಣಗಿ, ಕೊನೆಗೆ ದಿನವನ್ನು ಸೆಪ್ಟೆಂಬರ್ ೨೬ಕ್ಕೆ ಮುಂದೂಡಲು ಒಪ್ಪಿದರು.

ಕಾಲೆಳೆಯುತ್ತ ಮನೆ ಸೇರಿದಾಗ ಬಾಗಿಲಲ್ಲೇ ಕರಿದ ಹುಳದ ಘಮ. ನಾದಿನಿ ಬಾಕೊ ಬಾಣಲೆ ಹಿಡಿದು ನಿಂತಿದ್ದಳು. ಗೂಡಿನ ಮುಳ್ಳುಕೂದಲು ಚುಚ್ಚಿ ಅವಳ ಬೆರಳುಗಳು ಊದಿದ್ದವು.

"ಬನ್ನಿ ಅತ್ತಿಗೆ, ಬಿಸಿಬಿಸಿ ತಿನ್ನಿ. ಮೂಲೇಲಿ ಗೂಡು ಬಚ್ಚಿಟ್ಕೊಂಡು ನೂಲಿಲ್ಲ ನೂಲಿಲ್ಲ ಅಂತ ಗೋಳಾಡ್ತಿದ್ರಲ್ಲ! ಕತ್ತರಿಸಿಟ್ಟಿದ್ದೀನಿ."

"ಅದು ಬಿತ್ತನೇದು ಕಣೇ."

"ಅಯ್ಯೋ, ಒಂದು ಮಾತು ಹೇಳ್ಬಾರ್ದಿತ್ತಾ?"

"ಯಾರಿಗೆ ಹೇಳ್ಲಿ? ಹುಳ ಅಂದ್ರೆ ಒಲೆಗಿಂತ ಮುಂಚೆ ನಿನ್ನ ಬಾಯಿ ಕಾಯುತ್ತೆ."

ಬಾಕೊ ಬಾಣಲೆ ಕೆಳಗಿಟ್ಟಳು. "ಅಣ್ಣನೂ ತಿಂತಿದ್ದ."

"ತಿಂತಿದ್ದ. ಮರದ ತುದೀಲಿರೋದ್ನ ಮಾತ್ರ ಬಿತ್ತನೆಗೆ ಅಂತ ಮುಟ್ತಿರ್ಲಿಲ್ಲ."

ಇನ್ನೂ ಬೈಯಲು ರಹೋಲಿಗೆ ತ್ರಾಣವಿರಲಿಲ್ಲ. ಬುಟ್ಟಿ ಬೋರಲು ಹಾಕಿದಳು. ತಳದಲ್ಲಿ ಅಂಟಿಕೊಂಡಿದ್ದ ಏಳು ಗೂಡುಗಳು ಉಳಿದಿದ್ದವು.

"ತಗೊಂಡು ಹೋಗು. ಗುಡ್ಡದಲ್ಲಿ ಹಸಿರಾಗಿರೋ ಮರಕ್ಕೆ ಕಟ್ಟಿ ಬಾ. ನನ್ನ ಕೈಲಿ ಹತ್ತೋಕಾಗಲ್ಲ."

ಬಾಕೊ ಏಳನ್ನೂ ಬುಟ್ಟಿಗೆ ಹಾಕಿಕೊಂಡು ಗುಡ್ಡದ ಕಡೆ ಹೋದಳು. ಮರುದಿನ ರಹೋಲಿ ಕತ್ತರಿಸಿದ ಗೂಡುಗಳನ್ನು ಬೇಯಿಸಲಿಟ್ಟಳು.

ಐದನೆಯ ಪಟ್ಟಿ ಆಗಸ್ಟ್ ೫ರಂದು ಮುಗಿಯಿತು. ಜೋಯಿಸರು ಎರಡನೆಯ ಸಲ ದಿನ ಬದಲಿಸಲು ಒಪ್ಪದ ಕಾರಣ ರತ್ಸಿಂಬಾನಿಗೆ ಹೊದಿಸಿದ್ದು ಸೆಪ್ಟೆಂಬರ್ ೨೬ರಂದೇ. ಏಳು ಗೂಡುಗಳಲ್ಲಿ ಐದರಿಂದ ಪತಂಗ ಹೊರಬಂದಿತ್ತು. ೧೯೮೮ರ ಜೂನ್ ೧೨ರಂದು ಬಾಕೊ ಆ ಮರದಲ್ಲಿ ಇಪ್ಪತ್ತಮೂರು ಗೂಡು ಎಣಿಸಿದಳು, ಒಂದನ್ನೂ ಕೀಳಲಿಲ್ಲ. ರಹೋಲಿ ೧೯೯೧ರ ಜನವರಿ ೧೧ರಂದು ತೀರಿಕೊಂಡಳು. ಗುಡ್ಡದ ಗೂಡುಗಳನ್ನು ಇನ್ನೂ ಬಿತ್ತನೆಗೇ ಬಿಟ್ಟಿದ್ದರಿಂದ ಅವಳಿಗೆ ಹೊದಿಸಿದ್ದು ಹತ್ತಿಯ ಬಟ್ಟೆ.