ಮೇಲ್ಮನೆಯ ಬಾಗಿಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಸತ್ ಭವನದ ಉದ್ದನೆಯ ಮೊಗಸಾಲೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಸ್ಟೂಲ್ ಹತ್ತಿ ನಿಂತ ಹೆಂಗಸೊಬ್ಬರು ಮೇಲ್ಮನೆಯ ಭಾರೀ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದಾರೆ. ಇಳಿದು ಬಂದು ಬಾಗಿಲು ತೆಗೆಯುತ್ತಾರೆ, ಮುಚ್ಚುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ. ಮತ್ತೆ ಸ್ಟೂಲ್ ಹತ್ತುತ್ತಾರೆ.

"ಕಿರ್ ಅಂದ್ರೆ ಒಳಗೆ ಮಾತಾಡ್ತಿರೋರು ತಿರುಗಿ ನೋಡ್ತಾರೆ. ಎಲ್ಲಿಗೆ ನಿಲ್ಲಿಸಿದ್ರು ಅನ್ನೋದು ಮರೆತೋಗುತ್ತೆ. ಮತ್ತೆ ಮೊದಲಿಂದ ಶುರು ಮಾಡ್ತಾರೆ. ಕೇಳೋರ ಗತಿ ಏನ್ರೀ?" ಎಂದು ನಗುತ್ತಾ ಕೈ ಒರೆಸಿಕೊಳ್ಳುತ್ತಾರೆ.

ಸಭಾಪತಿಯಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರ ಬಾಯಲ್ಲೂ ಇವರು ಬಾಗಿಲಕ್ಕ. ಕಸ ಗುಡಿಸುವ ಕೆಲಸಕ್ಕೆಂದು ಈ ಕಟ್ಟಡಕ್ಕೆ ಬಂದವರು, ಪರೀಕ್ಷೆ ಕಟ್ಟಿ ಪಾಸಾಗಿ ಬಾಗಿಲಿಗೆ ಬಡ್ತಿ ಪಡೆದರು. ನಮ್ಮ ಪತ್ರಿಕೆಗಳಲ್ಲಿ ಸಂಸತ್ತಿನ ಫೋಟೊ ಬಂದಾಗಲೆಲ್ಲ ಮುಂದೆ ಮಂತ್ರಿಗಳು ಕೈ ಎತ್ತಿ ನಿಂತಿರುತ್ತಾರೆ, ಹಿಂದೆ ಇವರ ಬಾಗಿಲು ಅರ್ಧ ಕಾಣುತ್ತದೆ. ಇವರು ಮಾತ್ರ ಯಾವತ್ತೂ ಕಂಡಿಲ್ಲ.

ಮೊಗಸಾಲೆಯ ಈ ತುದಿಗೆ ಮೇಲ್ಮನೆ, ಆ ತುದಿಗೆ ಕೆಳಮನೆ. ಕೆಳಮನೆಯವರನ್ನು ಜನ ನೇರವಾಗಿ ಆರಿಸುತ್ತಾರೆ, ಅಲ್ಲಿ ಗಲಾಟೆ ಜಾಸ್ತಿ. ಮೇಲ್ಮನೆಗೆ ಪ್ರಾಂತ್ಯಗಳು ತಮ್ಮ ಪ್ರತಿನಿಧಿಗಳನ್ನು ಕಳಿಸುತ್ತವೆ, ಇಲ್ಲಿ ಕೆಮ್ಮು ಜಾಸ್ತಿ. ಒಂದು ಮಸೂದೆ ಕಾನೂನಾಗಬೇಕಾದರೆ ಎರಡೂ ಮನೆ ಅದನ್ನು ಅಕ್ಷರಕ್ಕೆ ಅಕ್ಷರ ಒಪ್ಪಬೇಕು. ಒಂದೇ ಕೆಲಸಕ್ಕೆ ಎರಡು ಮನೆ ಯಾಕೆ ಎಂದು ಕೆಣಕಿದೆ.

"ಮನೆ ಕೊಳ್ಳೋವಾಗ ಗಂಡ ನೋಡಿ ಬಂದು 'ಚೆನ್ನಾಗಿದೆ' ಅಂತಾನೆ. ಹೆಂಡ್ತಿ ಹೋಗಿ ನಲ್ಲಿ ತಿರುಗಿಸಿ ನೋಡ್ತಾಳೆ. ನೀರು ಬರುತ್ತಾ ಇಲ್ವಾ ಗೊತ್ತಾಗೋದು ಆಗ್ಲೇ!"

ಬಾಗಿಲಕ್ಕನ ಕೆಲಸಕ್ಕೆ ನಿಜವಾದ ಬಿಸಿ ಏರುವುದು ಮತಕ್ಕೆ ಹಾಕುವಾಗ. ಇಡೀ ಭವನದಲ್ಲಿ ಆರು ನಿಮಿಷ ಗಂಟೆ ಬಾರಿಸುತ್ತದೆ. ಕ್ಯಾಂಟೀನು, ಕಚೇರಿ, ತೋಟ, ಎಲ್ಲಿದ್ದರೂ ಸದಸ್ಯರು ಎದ್ದೆನೋ ಬಿದ್ದೆನೋ ಎಂದು ಬರಬೇಕು. ಗಂಟೆ ನಿಂತ ಕೂಡಲೇ ಬಾಗಿಲು ಮುಚ್ಚಬೇಕು. ಎಣಿಕೆ ಮುಗಿಯುವವರೆಗೆ ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ತಡವಾಗಿ ಬಂದವರು ದಮ್ಮಯ್ಯ ಎಂದಿದ್ದಾರೆ, ಕೆಲಸ ತೆಗೆಸುತ್ತೇನೆಂದು ಹಾರಾಡಿದ್ದಾರೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಇವರು ಜಪ್ಪಯ್ಯ ಅಂದಿಲ್ಲ.

"ನಮ್ಮ ಯಜಮಾನ್ರು ಬಸ್ ಕಂಡಕ್ಟರು. ಯಾರಾದ್ರೂ ಓಡಿ ಬರ್ತಿದ್ರೆ ಸೀಟಿ ಊದಿ ನಿಲ್ಲಿಸ್ತಾರೆ, ಹತ್ತಿಸ್ಕೋತಾರೆ. ಪುಣ್ಯವಂತರು. ನನಗೆ ಆ ಭಾಗ್ಯ ಇಲ್ಲ."

ಆ ಭಾಗ್ಯ ಇಲ್ಲದ್ದು ಹೋದ ಅಧಿವೇಶನದಲ್ಲಿ ಇವರ ಹೊಟ್ಟೆಗೇ ಬೆಂಕಿ ಇಟ್ಟಿತು. ಇವರ ಒಬ್ಬಳೇ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹುಡುಗಿ ಚುರುಕು, ಕೈಸನ್ನೆಯ ಭಾಷೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ. ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಕಲಿಯಬೇಕೆಂದು ಕಾಲೇಜು ಸೇರಿದವಳು ಮೂರೇ ತಿಂಗಳಿಗೆ ಬಿಟ್ಟಳು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಅವರ ತುಟಿ ಕೂಡ ಕಾಣುವುದಿಲ್ಲವಲ್ಲ.

ಇಂಥ ಮಕ್ಕಳಿರುವ ಶಾಲೆ ಕಾಲೇಜುಗಳಲ್ಲಿ ಪಾಠವನ್ನು ಸನ್ನೆಯಲ್ಲಿ ಹೇಳುವವರೊಬ್ಬರನ್ನು ಸರ್ಕಾರವೇ ನೇಮಿಸಬೇಕೆಂಬ ಮಸೂದೆ ಆಗ ಕೆಳಮನೆ ದಾಟಿ ಮೇಲ್ಮನೆಗೆ ಬಂದಿತ್ತು. "ಶಾಲೆಗೆ ಸಾಕು, ಕಾಲೇಜಿಗೆ ಬೇಡ, ಖರ್ಚು ವಿಪರೀತ" ಎಂದು ಕೋಲು ಊರಿಕೊಂಡು ಓಡಾಡುವ ಹಿರಿಯ ಸದಸ್ಯರೊಬ್ಬರು ತಿದ್ದುಪಡಿ ತಂದರು. ಅದನ್ನು ಹಟ ಹಿಡಿದು ವಿರೋಧಿಸಿದವರು ಡಾಕ್ಟರ್ ಆಗಿದ್ದ ಇನ್ನೊಬ್ಬ ಸದಸ್ಯರು. ಮತದ ಗಂಟೆ ಬಾರಿಸಿದಾಗ ಆ ಡಾಕ್ಟರು ಆಸ್ಪತ್ರೆಯಿಂದ ಬಂದ ಫೋನ್ ಹಿಡಿದು ತೋಟದಲ್ಲಿದ್ದರು. ಓಡೋಡಿ ಬಂದು ಮೊಗಸಾಲೆಯ ತಿರುವಿನಲ್ಲಿ ಕಾಣಿಸಿಕೊಂಡಾಗ ಗಂಟೆ ನಿಂತಿತ್ತು. ಬಾಗಿಲಕ್ಕ ಅವರ ಮುಖ ನೋಡಿದರು. ಬಾಗಿಲು ಮುಚ್ಚಿದರು.

ತಿದ್ದುಪಡಿ ಒಂದೇ ಒಂದು ಮತದಿಂದ ಗೆದ್ದಿತು. ಡಾಕ್ಟರು ಒಳಗಿದ್ದರೆ ಸಮ ಸಮ ಆಗಿ ಅದು ಬಿದ್ದುಹೋಗುತ್ತಿತ್ತು.

"ಬಾಗಿಲು ಹಾಕೋವಾಗ ಎರಡನೇ ಯೋಚ್ನೆ ಮಾಡ್ಲಿಲ್ಲ ಸಾರ್. ಮನೆಗೆ ಹೋಗೋಕೆ ಕಾಲು ಬರ್ಲಿಲ್ಲ." ಮನೆಗೆ ಸುದ್ದಿ ಇವರಿಗಿಂತ ಮುಂಚೆ ಹೋಗಿತ್ತು. "ನೀನೇನಾ ಮುಚ್ಚಿದ್ದು?" ಎಂದು ಮಗಳು ಸನ್ನೆಯಲ್ಲೇ ಕೇಳಿದಳು. ಹೌದು ಎಂದದ್ದೇ ತಡ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. "ಅವಳು ಕಣ್ಣು ಮುಚ್ಕೊಂಡ್ರೆ ಮುಗೀತು, ನನ್ನ ಕೈ ಕಾಣಲ್ಲ, ನಾನು ಏನು ಹೇಳೋಕೂ ಆಗಲ್ಲ. ನಾನು ಎಷ್ಟೋ ಜನರ ಮುಖದ ಮೇಲೆ ಬಾಗಿಲು ಹಾಕಿದೀನಿ. ಹಾಕಿಸ್ಕೊಂಡಾಗ ಹೇಗಿರುತ್ತೆ ಅಂತ ಆ ವಾರ ಗೊತ್ತಾಯ್ತು."

ನಾನಾಗಿದ್ದರೆ ಕಂಡೂ ಕಾಣದ ಹಾಗೆ ಒಂದು ಗಳಿಗೆ ತಡ ಮಾಡುತ್ತಿದ್ದೆ ಎಂದೆ. ಬಾಗಿಲಕ್ಕನಿಗೆ ಸಿಟ್ಟೇ ಬಂತು. "ಇವತ್ತು ನನ್ನ ಮಗಳಿಗೆ ಅಂತ ಬಿಡ್ತೀನಿ. ನಾಳೆ ಮಂತ್ರಿ ಮಗನಿಗೆ ಅಂತ ಬಿಡ್ಬೇಕಾಗುತ್ತೆ. ಆಮೇಲೆ ಇದಕ್ಕೆ ಬಾಗಿಲು ಅಂತ ಯಾಕೆ ಕರೀಬೇಕು, ಪರದೆ ಕಟ್ಟಿದ್ರೆ ಆಗಲ್ವಾ?"

ಆದರೆ ಎರಡು ಮನೆಗಳ ಸಂಸಾರದಲ್ಲಿ ಒಂದು ಮನೆ ಹೇಳಿದ್ದೇ ಕೊನೆಯ ಮಾತಲ್ಲ. ತಿದ್ದಿದ ಮಸೂದೆ ಕೆಳಮನೆಗೆ ವಾಪಸ್ ಹೋಯಿತು. ಕೆಳಮನೆಯವರು ಮೂಗು ಮುರಿದರು. ತಿದ್ದುಪಡಿ ಒಪ್ಪುವುದಿಲ್ಲ, ಖರ್ಚು ನೀವು ಹೆದರಿದಷ್ಟಿಲ್ಲ ಎಂದು ವಿವರ ಬರೆದು ಮರಳಿ ಕಳಿಸಿದರು. ಈಗ ಮೇಲ್ಮನೆ ತನ್ನ ತಿದ್ದುಪಡಿಗೆ ಪಟ್ಟು ಹಿಡಿಯಬೇಕೋ ಬಿಡಬೇಕೋ ಎಂದು ಹೇಳಬೇಕು. "ಇನ್ನೂ ಮುಗಿದಿಲ್ಲ ಕಣೇ ಅಂತ ಅವಳ ಅಂಗೈ ಮೇಲೆ ಬೆರಳಲ್ಲಿ ಬರೆದೆ. ಆಗ ಒಂದು ಕಣ್ಣು ಬಿಟ್ಟಳು. ಒಂದೇ!"

ಆ ಮತ ಇವತ್ತು. ಹೊತ್ತೇರುತ್ತಿದ್ದಂತೆ ಮಗಳೂ ಬರುತ್ತಾಳೆ, ಸಂದರ್ಶಕರ ಪಾಸ್ ಕುತ್ತಿಗೆಗೆ ಹಾಕಿಕೊಂಡು ನನ್ನ ಪಕ್ಕದಲ್ಲಿ ಗೋಡೆಗೊರಗಿ ನಿಲ್ಲುತ್ತಾಳೆ. ಡಾಕ್ಟರು ಕಲಾಪ ಶುರುವಾಗುವ ಮೊದಲೇ ಬಂದು ಕೂತಿದ್ದಾರೆ. ಎದ್ದು ಹೋಗಬೇಕಾದೀತೆಂದು ನೀರು ಕೂಡ ಕುಡಿಯುತ್ತಿಲ್ಲವಂತೆ.

ಗಂಟೆ ಬಾರಿಸುತ್ತದೆ. ಮಗಳಿಗೆ ಅದು ಕೇಳದು, ಓಡುವವರ ಕಾಲು ನೋಡಿ ತಿಳಿಯುತ್ತಾಳೆ. ಎರಡು, ಮೂರು, ಐದು ನಿಮಿಷ. ಮೊಗಸಾಲೆ ಖಾಲಿಯಾಗುತ್ತದೆ. ಇನ್ನೇನು ಗಂಟೆ ನಿಲ್ಲಬೇಕು, ಅಷ್ಟರಲ್ಲಿ ಟಕ್ ಟಕ್ ಎಂದು ಕೋಲಿನ ಸದ್ದು. ತಿರುವಿನಲ್ಲಿ ಆ ಹಿರಿಯರು! ಅವರ ಮತ ಯಾವ ಕಡೆಗೆಂದು ಕೇಳಬೇಕಾಗಿಲ್ಲ. ಗಂಟೆ ಈಗಲೇ ನಿಲ್ಲಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತೇನೆ. ಬಾಗಿಲಕ್ಕ ಸುಮ್ಮನೆ ನಿಂತಿದ್ದರೂ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಹಿರಿಯರು ದಣಿದು, ಆಗಲಿಲ್ಲವೆಂದು ಕೈಚೆಲ್ಲಿ ನಿಂತೇಬಿಟ್ಟಿದ್ದರು.

"ಬನ್ನಿ ಯಜಮಾನ್ರೇ, ಗಂಟೆ ಇನ್ನೂ ನಿಂತಿಲ್ಲ!" ಬಾಗಿಲಕ್ಕನ ದನಿ ಮೊಗಸಾಲೆ ತುಂಬುತ್ತದೆ. "ಓಡ್ಬೇಡಿ, ಬೀಳ್ತೀರಿ. ಹಾಗೇ ಬನ್ನಿ, ಬನ್ನಿ."

ಹಿರಿಯರು ಒಳಗೆ ಹೋದ ಮೇಲೆ ಗಂಟೆ ನಿಲ್ಲುತ್ತದೆ. ಬಾಗಿಲು ಒಂದಿಷ್ಟೂ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ತಾಯಿ ಬಾಗಿಲಿಗೆ ಬೆನ್ನು ಕೊಟ್ಟು, ಮಗಳು ಗೋಡೆಗೆ ಬೆನ್ನು ಕೊಟ್ಟು, ಒಬ್ಬರನ್ನೊಬ್ಬರು ನೋಡುತ್ತಾ ನಿಂತಿದ್ದಾರೆ.

ಬಾಗಿಲು ತೆರೆದಾಗ ಮೊದಲು ಹೊರಬಿದ್ದವರು ಡಾಕ್ಟರು. "ಮೂರು ಮತದಿಂದ ಗೆದ್ವಿ!" ಎಂದವರೇ ನೀರಿನ ಕಡೆಗೆ ಧಾವಿಸುತ್ತಾರೆ. ಮೇಲ್ಮನೆ ಪಟ್ಟು ಬಿಟ್ಟಿದೆ, ಕಾಲೇಜು ಮಸೂದೆಯೊಳಗೇ ಉಳಿದಿದೆ. ಇನ್ನು ರಾಷ್ಟ್ರಾಧ್ಯಕ್ಷರ ಅಂಕಿತ ಬಿದ್ದರೆ ಕಾನೂನು.

ಹಿರಿಯರು ನಿಧಾನವಾಗಿ ಬಂದು ಮಗಳ ಮುಂದೆ ನಿಲ್ಲುತ್ತಾರೆ. "ನಾನು ನಿನ್ನ ಕಡೆ ಮತ ಹಾಕ್ಲಿಲ್ಲ ಮಗು. ಸುಳ್ಳು ಹೇಳಲ್ಲ. ನಿಮ್ಮಮ್ಮ ಕೂಗದೆ ಇದ್ರೆ ನಾನು ಒಳಗೇ ಹೋಗ್ತಿರ್ಲಿಲ್ಲ." ಬಾಗಿಲಕ್ಕ ಅದನ್ನು ಕೈಯಲ್ಲಿ ಹೇಳುತ್ತಾರೆ. ಮಗಳ ಕೈಗಳು ಸರಸರನೆ ಉತ್ತರ ಕೊಡುತ್ತವೆ. ಅದನ್ನು ಬಾಯಲ್ಲಿ ಹೇಳಬೇಕಾದವರೂ ಈ ತಾಯಿಯೇ.

"ಗೊತ್ತು ಅಂತಾಳೆ. ನೀವು ಒಳಗಿದ್ದೂ ನಾವು ಗೆದ್ವಿ, ಅದಕ್ಕೇ..." ಮಗಳ ಕೈಗಳನ್ನು ಇನ್ನೊಮ್ಮೆ ನೋಡುತ್ತಾರೆ. "ಅದಕ್ಕೇ ಅಮ್ಮನ ಬಗ್ಗೆ ಹೆಮ್ಮೆ ಅಂತಾಳೆ. ನನ್ನ ಹೊಗಳಿಕೆ ನಾನೇ ಹೇಳ್ಬೇಕು ನೋಡಿ, ಎಂಥ ಕರ್ಮ!"

ಹಿರಿಯರು ನಕ್ಕು ಹೋಗುತ್ತಾರೆ. ಇನ್ನೇನು ಆಸೆ ಇದೆ ಅಕ್ಕ ಎಂದು ಕೇಳುತ್ತೇನೆ. ಬಾಗಿಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕಡೆ ನೋಡುತ್ತಾರೆ.

"ಆಸ್ಪತ್ರೇಲಿ, ಬ್ಯಾಂಕಲ್ಲಿ, ಸ್ಕೂಲಲ್ಲಿ, ಇಷ್ಟು ವರ್ಷ ಇವಳಿಗೆ ನಾನೇ ಕಿವಿ, ನಾನೇ ಬಾಯಿ. ಕಾಲೇಜಲ್ಲಾದ್ರೂ ಆ ಕೆಲಸ ಇನ್ನೊಬ್ರು ನೋಡ್ಕೊಳ್ಳಲಿ ಸಾರ್. ನಾನು ಸ್ವಲ್ಪ ದಿನ ಬರೀ ಅಮ್ಮ ಆಗಿರ್ತೀನಿ."