ವೈರ್ ಹಾಕಿದ ಮೇಲೆ ಕೇಳಿದ ದನಿ

“ಅಂಕಲ್, ಅಕ್ಕನ ಮಾತು ಕೇಳಸವಲ್ದ್ರಿ!” ಎನ್ನುತ್ತ ರೇಣುಕಾ ತೆರೆದ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲಿಳಿದು ಬಂದಳು. ಬೆಂಗಳೂರಿನ ಇಟ್ಟಮಡುವಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ, ಬಾಗಲಕೋಟೆ ಕಡೆಯ ಹುಡುಗಿ. ಊರಿನ ಆಸ್ಪತ್ರೆಯಲ್ಲಿ ಅವಳ ಅಕ್ಕನನ್ನು ಇನ್ನೇನು ಹೃದಯದ ಆಪರೇಷನ್‌ಗೆ ಒಯ್ಯುವವರಿದ್ದರು. ಆವತ್ತು ಇಡೀ ಮನೆಯಲ್ಲಿ ವೈಫೈ ಸರಿಯಿರಲಿಲ್ಲ. ವಿಡಿಯೊದಲ್ಲಿ ಅಕ್ಕನ ತುಟಿ ಅಲುಗಿ ಅಲುಗಿ ನಿಲ್ಲುತ್ತಿತ್ತು.

ರೂಟರಿನ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿ ವೈಫೈ ಆಫ್ ಮಾಡಲು ಹೋದೆ. ರೇಣುಕಾ ನನ್ನ ಕೈ ತಡೆದಳು.

“ಕಾಲ್ ಕಟ್ ಆದ್ರ? ಈಗ ಮುಖನಾದ್ರೂ ಕಾಣಾಕತ್ತೈತ್ರಿ.”

“ಒಂದೆರಡು ಸೆಕೆಂಡ್ ಹೋಗ್ಬಹುದಮ್ಮ, ಮತ್ತೆ ಬರುತ್ತೆ” ಎಂದೆ. ಖಾತರಿ ನನಗೂ ಇರಲಿಲ್ಲ.

ಅವಳು ಕೈ ತೆಗೆದಳು, ನಾನು ವೈಫೈ ಆಫ್ ಮಾಡಿದೆ. ಪರದೆ ಕಪ್ಪಾಯಿತು. ಆಮೇಲೆ ಮುಖ ಮೂಡಿತು, ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿತ್ತು: “ರೇಣು, ಊಟ ಮಾಡೀಯೇನ?”

ಅಕ್ಕತಂಗಿಯರು ಐದು ನಿಮಿಷ ಮಾತಾಡಿದರು. ನಾನು ಗೇಟಿನ ಹತ್ತಿರ ಹೋಗಿ ನಿಂತೆ.

ಆಪರೇಷನ್ ಆದ ಮೇಲೆ ಅಕ್ಕ ಕಣ್ಣು ತೆರೆಯಲಿಲ್ಲ. ಕಾರ್ಯ ಮುಗಿಸಿ ಊರಿಂದ ಬಂದ ರೇಣುಕಾ ನಮ್ಮ ಬಾಗಿಲಲ್ಲಿ ನಿಂತು ಕೈಮುಗಿದಳು.